ಮಡಿವಾಳ ಹಕ್ಕಿಗೆ ಹಾಡು ಬಂದದ್ದು

ಲೋಕಕ್ಕೆ ಹಚ್ಚಿದ ಬಣ್ಣ ಇನ್ನೂ ಹಸಿಯಾಗಿದ್ದ ಕಾಲ ಅದು. ನದಿಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಹಕ್ಕಿಗಳು ಮಾತಾಡುತ್ತಿದ್ದವು, ಜಗಳವನ್ನೂ ಆಡುತ್ತಿದ್ದವು. ಹಾಡುವುದು ಮಾತ್ರ ಯಾವ ಹಕ್ಕಿಗೂ ಗೊತ್ತಿರಲಿಲ್ಲ.

ಆಗ ಕಾಡಿನ ಅಂಚಿನಲ್ಲಿ ಕೆಂಚವ್ವ ಎಂಬ ಮುದುಕಿ ಇದ್ದಳು. ಬಿದಿರು ಸೀಳಿ ಬುಟ್ಟಿ ಹೆಣೆಯುವುದು ಅವಳ ಕೆಲಸ. ಮನೆಯೆಂದರೆ ಒಂದೇ ಒಂದು ಕೋಣೆ.

ಒಂದು ದಿನ ಗಾಳಿ ಓಡುತ್ತಾ ಬಂದು ಅವಳ ಬಾಗಿಲು ಬಡಿಯಿತು.

"ಅವ್ವಾ, ತಪ್ಪಾಯ್ತು! ನನಗಿನ್ನೂ ಮೆಲ್ಲಗೆ ಬೀಸೋಕೆ ಬರಲ್ಲ. ಮರ ಬಿದ್ದುಹೋಯ್ತು. ಇವನ ರೆಕ್ಕೆಗೆ ಪೆಟ್ಟಾಗಿದೆ."

ಹೊಸ್ತಿಲ ಮೇಲೆ ಒಂದು ಕಪ್ಪು ಬಿಳುಪಿನ ಹಕ್ಕಿ ನಡುಗುತ್ತಾ ಕೂತಿತ್ತು. ಅದು ಮಡಿವಾಳ ಹಕ್ಕಿ.

ಕೆಂಚವ್ವ ಅದನ್ನು ಎತ್ತಿಕೊಂಡಳು. ರೆಕ್ಕೆಗೆ ಅರಿಸಿನ ಹಚ್ಚಿದಳು. ಹುಳು ಹುಡುಕಿ ತಿನ್ನಿಸಿದಳು. ತಿಂಗಳಾಗುವಷ್ಟರಲ್ಲಿ ಮಡಿವಾಳ ಕೋಣೆಯ ತುಂಬಾ ಹಾರಾಡತೊಡಗಿತು. ಬಿದಿರಿಗೆ ಹತ್ತಿದ ಹುಳುಗಳನ್ನೆಲ್ಲ ಹೆಕ್ಕಿ ತಿಂದಿತು.

"ನೀನು ಬಂದಮೇಲೆ ನನ್ನ ಒಂದು ಬುಟ್ಟಿಯೂ ಕೆಟ್ಟಿಲ್ಲ ಕಣಪ್ಪ. ನನ್ನ ಪುಣ್ಯ ನೀನು ಬಂದದ್ದು" ಎಂದಳು ಕೆಂಚವ್ವ.

ಮಡಿವಾಳ ಬಾಲ ಎತ್ತಿ ಕೋಣೆಯನ್ನೊಮ್ಮೆ ನೋಡಿತು. ಗೂಟ ನೋಡಿ "ಇದು ನಂದು" ಅಂದಿತು. ಕಿಟಕಿ ನೋಡಿ "ಇದೂ ನಂದು" ಅಂದಿತು. ಕೆಂಚವ್ವನ ತಲೆಯ ಮೇಲೆ ಕೂತು "ಇದೂ ನಂದು" ಅಂದಿತು. ಕೆಂಚವ್ವ ನಕ್ಕುಬಿಟ್ಟಳು.

ಆದರೆ ಗಾಳಿ ಇನ್ನೂ ಕಲಿತಿರಲಿಲ್ಲ. ಮತ್ತೊಮ್ಮೆ ಜೋರಾಗಿ ಬೀಸಿತು, ಉಳಿದ ಮರಗಳೂ ಉರುಳಿದವು. ಈ ಸಲ ಅದು ಅಳುತ್ತಾ ಬಂತು. ಜೊತೆಗೆ ಒಂದು ಪಿಕಳಾರ, ಒಂದು ಬೆಳವ, ಒಂದು ಪುಟ್ಟ ಗುಬ್ಬಿ.

"ಹೊಸ ಮರ ಬೆಳೆಯೋವರೆಗೆ ಇವರನ್ನೂ ಇಟ್ಟುಕೋ ಅವ್ವಾ."

"ಬನ್ನಿ ಬನ್ನಿ" ಎಂದು ಕೆಂಚವ್ವ ಬಾಗಿಲು ತೆರೆದಳು. ಒಂದು ಕರಟದಲ್ಲಿ ನವಣೆ ಹಾಕಿ, ನೀರು ತರಲು ಹೊರಗೆ ಹೋದಳು.

ಅಷ್ಟೇ ಸಾಕಾಯಿತು. ಅವಳು ತಿರುಗಿ ಬರುವಷ್ಟರಲ್ಲಿ ಪಿಕಳಾರ ಜಂತೆಯ ಸಂದಿಯಲ್ಲಿ ಅವಿತಿತ್ತು. ಬೆಳವ ಮೂಲೆಯಲ್ಲಿ ಮುದುರಿತ್ತು. ಗುಬ್ಬಿ ನೆಲದ ಮೇಲೆ ಬಿದ್ದಿತ್ತು, ಅದರ ನೆತ್ತಿಯಿಂದ ರಕ್ತ ಬರುತ್ತಿತ್ತು. ಮಡಿವಾಳ ನವಣೆಯ ಕರಟದ ಮೇಲೆ ಕಾವಲು ಕೂತಿತ್ತು. ನವಣೆಯನ್ನು ಅದು ತಿನ್ನುವುದೇ ಇಲ್ಲ!

ಕೆಂಚವ್ವ ಓಡಿಬಂದಳು. ಗುಬ್ಬಿಯನ್ನು ಸೆರಗಿನಲ್ಲಿ ಸುತ್ತಿ ಬೆಚ್ಚಗೆ ಹಿಡಿದುಕೊಂಡಳು. ಮಡಿವಾಳನ ಮೇಲೆ ಒಂದು ಬುಟ್ಟಿ ಕವುಚಿದಳು.

ಎರಡು ದಿನ ಮಡಿವಾಳ ಬುಟ್ಟಿಗೆ ತಲೆ ಚಚ್ಚಿಕೊಂಡಿತು. ಒಂದು ಹುಳುವನ್ನೂ ಮುಟ್ಟಲಿಲ್ಲ. ಇತ್ತ ಗುಬ್ಬಿ ಕಣ್ಣು ಬಿಟ್ಟಿತು, ಅತ್ತ ಮಡಿವಾಳ ಸೊರಗತೊಡಗಿತು. ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರನ್ನು ಕಳೆದುಕೊಳ್ಳುತ್ತೇನಲ್ಲಾ ಎಂದು ಕೆಂಚವ್ವ ಬುಟ್ಟಿಯ ಪಕ್ಕ ಕೂತಳು.

"ಯಾಕಪ್ಪ ಹೊಡೆದೆ ಆ ಗುಬ್ಬೀನ?"

ಬುಟ್ಟಿಯೊಳಗಿಂದ ಸಣ್ಣ ದನಿ ಬಂತು. "ನನಗೊಂದು ಮರ ಇತ್ತವ್ವಾ. ಬಿದ್ದುಹೋಯ್ತು. ಈ ಕೋಣೆಯೂ ಹೋದ್ರೆ ನಾನೆಲ್ಲಿ ಇರಲಿ?"

ಅವನಿಗೆ ಬಂದದ್ದು ಸೊಕ್ಕಲ್ಲ, ಹೆದರಿಕೆ. ಕೆಂಚವ್ವನಿಗೆ ಅರ್ಥವಾಯಿತು. ಬಯ್ಯಬೇಕೆಂದಿದ್ದ ಮಾತನ್ನು ನುಂಗಿಕೊಂಡಳು.

ಮರುದಿನ ಬೆಳಗ್ಗೆ ಅವಳು ಎಲ್ಲ ಹಕ್ಕಿಗಳನ್ನೂ ಅಂಗಳಕ್ಕೆ ತಂದು ಒಂದೊಂದರ ಮೇಲೆ ಒಂದೊಂದು ಬುಟ್ಟಿ ಕವುಚಿದಳು. ಆಮೇಲೆ ಕೋಣೆಯನ್ನೇ ಬದಲಾಯಿಸಿದಳು. ಹಳೆಯ ಗೂಟಗಳನ್ನು ಕಿತ್ತು, ಎತ್ತರದಲ್ಲೊಂದು ತಗ್ಗಿನಲ್ಲೊಂದು ಬಿದಿರು ಕಟ್ಟಿದಳು. ಈ ಕಡೆಯವರಿಗೆ ಆ ಕಡೆಯವರು ಕಾಣದ ಹಾಗೆ ನಡುವೆ ತಟ್ಟಿ ಇಳಿಬಿಟ್ಟಳು. ಒಂದು ಕರಟ ಇದ್ದಲ್ಲಿ ನಾಲ್ಕು ಮಾಡಿ, ನಾಲ್ಕು ಮೂಲೆಗಿಟ್ಟಳು. ನಾಲ್ಕಕ್ಕೂ ಒಬ್ಬನೇ ಕಾವಲು ಕೂರುವುದು ಹೇಗೆ?

ಮೊದಲು ಗುಬ್ಬಿಯನ್ನು ಒಳಗೆ ಬಿಟ್ಟಳು. ಆಮೇಲೆ ಬೆಳವ, ಆಮೇಲೆ ಪಿಕಳಾರ. ಅವರು ತಮ್ಮ ತಮ್ಮ ಜಾಗ ನೋಡಿಕೊಂಡ ಮೇಲೆ, ಎಲ್ಲರಿಗಿಂತ ಕೊನೆಗೆ ಮಡಿವಾಳನನ್ನು ಕರೆದಳು.

ಮಡಿವಾಳ ಒಳಗೆ ಬಂದು ಕಕ್ಕಾಬಿಕ್ಕಿಯಾಯಿತು. "ಇದು ಯಾರ ಮನೆ?"

"ನಿಮ್ಮೆಲ್ಲರದು" ಎಂದಳು ಕೆಂಚವ್ವ. "ಬೆಳಕಿಂಡಿಯ ಹತ್ತಿರ ಇದೆಯಲ್ಲ ಎತ್ತರದ ಬಿದಿರು, ಅದು ನಿನ್ನದು. ಯಾರೂ ಕೇಳಲ್ಲ."

ಮಡಿವಾಳ ಹಾರಿ ಅಲ್ಲಿ ಕೂತಿತು. ಅಷ್ಟರಲ್ಲಿ ಗುಬ್ಬಿ ಕುಪ್ಪಳಿಸುತ್ತಾ ಆ ಬಿದಿರಿನ ಕೆಳಗೇ ಬಂತು. ಮಡಿವಾಳನ ಎದೆ ಉಬ್ಬಿತು, ಬಾಲ ನಿಮಿರಿತು, ಕೊಕ್ಕು ಮುಂದಾಯಿತು.

ಕೆಂಚವ್ವ ಒಂದು ಹೆಜ್ಜೆ ಮುಂದೆ ಬಂದಳು. "ಬಾಯಲ್ಲಿ ಹೇಳಪ್ಪ. ಕೊಕ್ಕಿನಲ್ಲಿ ಬೇಡ."

ಮಡಿವಾಳ ಬಾಯಿ ತೆರೆಯಿತು. ಎದೆಯಲ್ಲಿದ್ದ ಹೆದರಿಕೆ, ಬಿದ್ದುಹೋದ ಮರದ ನೆನಪು, ಅರಿಸಿನ ಹಚ್ಚಿದ ಕೈಯ ಬಿಸುಪು, ಎಲ್ಲ ಸೇರಿ ಹೊರಗೆ ಬಂತು. ಅದು ಮಾತಾಗಿರಲಿಲ್ಲ. ಏರಿತು, ಇಳಿಯಿತು, ಬಳುಕಿತು, ಮತ್ತೆ ಏರಿತು.

ನಾನಿಲ್ಲಿದ್ದೇನೆ, ನೀನಲ್ಲಿರು. ನಾನಿಲ್ಲಿದ್ದೇನೆ, ನೀನಲ್ಲಿರು.

ಲೋಕದಲ್ಲಿ ಮೊದಲ ಹಾಡು ಅದು.

ಗುಬ್ಬಿ ಕೊನೆಯವರೆಗೂ ಕೇಳಿತು. "ಹೀಗೆ ಹೇಳಿದ್ರೆ ನಾನ್ಯಾಕೆ ಬರಲಿ ಅಣ್ಣಾ" ಎಂದು ಮೂರು ಹೆಜ್ಜೆ ಹಿಂದೆ ಸರಿದು, ತನ್ನ ಕರಟದ ಹತ್ತಿರ ಹೋಗಿ ನವಣೆ ಹೆಕ್ಕತೊಡಗಿತು. ತಟ್ಟಿಯ ಆ ಕಡೆಯಿಂದ ಪಿಕಳಾರ ಕೂಡ ದನಿ ಎತ್ತಿತು. ಬೆಳವ ಗುಟುರ್ ಗುಟುರ್ ಎಂದಿತು. ಕಿಟಕಿಯ ಹೊರಗೆ ಗಾಳಿ ಕಾಲು ಊರಿ ನಿಂತು ಕೇಳಿತು. ಮೆಲ್ಲಗಿದ್ದರೇನೇ ಹಾಡು ಕೇಳಿಸುತ್ತದೆ ಎಂದು ತಿಳಿದು, ಅಂದೇ ಮೆಲ್ಲಗೆ ಬೀಸುವುದನ್ನು ಕಲಿಯಿತು.

ಮತ್ತೆ ಆ ಕೋಣೆಯಲ್ಲಿ ರಕ್ತ ಬೀಳಲಿಲ್ಲ.

ಮಳೆಗಾಲಗಳು ಕಳೆದವು, ಕಾಡು ಬೆಳೆಯಿತು. ಕೆಂಚವ್ವ ಬಾಗಿಲು ತೆರೆದಿಟ್ಟಳು. ಮೂವರು ಹಾರಿದರು. ಮಡಿವಾಳ ಹೊಸ್ತಿಲ ಮೇಲೆ ನಿಂತಿತು.

"ಅವ್ವಾ, ಆವತ್ತು ನೀನು ನನ್ನ ಹೊರಗೆ ಹಾಕಿಬಿಡಬಹುದಿತ್ತು."

"ಹಾಕಿದ್ದೆನಲ್ಲಪ್ಪ, ಅಂಗಳಕ್ಕೆ!"

"ಮತ್ತೆ ಒಳಗೆ ಕರೆದೆಯಲ್ಲ" ಎಂದು ಮಡಿವಾಳ ಅವಳ ಪಾದದ ಮೇಲೆ ಕೂತು ಕೊಕ್ಕು ಒತ್ತಿತು. "ಇನ್ನು ಮೇಲೆ ದಿನದ ಮೊದಲ ಹಾಡು ನಿನಗೆ."

ಕೆಂಚವ್ವ ಬಗ್ಗಿ ಅದರ ಬೆನ್ನು ಸವರಿದಳು. "ನೀನು ಬಂದದ್ದೇ ನನಗೆ ಸಾಕಾಗಿತ್ತು ಕಣಪ್ಪ" ಎಂದಳು.

ಅದಕ್ಕೇ ಮಗೂ, ಈಗಲೂ ಬೇಸಿಗೆಯಲ್ಲಿ ಪೂರ್ವ ಕೆಂಪಾಗುವ ಮೊದಲೇ ಒಂದು ಕಪ್ಪು ಬಿಳುಪಿನ ಹಕ್ಕಿ ನಮ್ಮ ಬೀದಿಯ ಕರೆಂಟು ಕಂಬದ ತುದಿಯಲ್ಲಿ ಕೂತು, ಬಾಲ ಎತ್ತಿ, ಯಾರನ್ನೂ ಕುಕ್ಕದೆ ತನ್ನ ಜಾಗವನ್ನು ಹಾಡಿನಲ್ಲೇ ಹೇಳಿಕೊಳ್ಳುತ್ತದೆ.