ಒಂದು ಗೇಣು ಮಣ್ಣು

"ಅಪ್ಪಾವರೇ, ದುಡಿಯುವವನಿಗೆ ಮೈ ನೋಯುತ್ತದೆ. ಆ ನೋವನ್ನು ಯಾರಿಗೂ ಹೇಳದೆ ತಾಳಿಕೊಳ್ಳುವುದೇ ಕಾಯಕದ ನಿಷ್ಠೆಯಲ್ಲವೇ?"

ಹೀಗೆ ಕೇಳಿದವನು ಮಠದ ಮಗ್ಗದಲ್ಲಿ ನೇಯುತ್ತಿದ್ದ ಶಿಷ್ಯ. ಗುರುಗಳು ಕುಳಿತುಕೋ ಎಂದರು. ಅವನು ಕುಳಿತ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರ ಅಂಚಿನಲ್ಲಿ ಕುಳಿತು, ಕಾಲುಗಳನ್ನು ಒಳಗೆ ಇಳಿಬಿಟ್ಟು, ತಳದಲ್ಲಿ ಹೂಡಿದ ಕಾಲುಮಣೆಗಳನ್ನು ತುಳಿಯುತ್ತ ನೇಯುವ ಮಗ್ಗ. ನೇಕಾರ ಎತ್ತರದ ಆಳು. ಅವನ ಹೆಂಡತಿ ಗಿಡ್ಡ. ಅವನು ನೇಯುತ್ತಿದ್ದ, ಅವಳು ಕಂಡಿಕೆಗೆ ನೂಲು ಸುತ್ತಿ ಕೊಡುತ್ತಿದ್ದಳು. ಹದಿನಾಲ್ಕು ವರ್ಷ ಹೀಗೆ ನಡೆಯಿತು.

ಒಂದು ಚಳಿಗಾಲದಲ್ಲಿ ನೇಕಾರ ಜ್ವರ ಬಂದು ತೀರಿಕೊಂಡ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಉಳಿಯಿತು. ದಿನಗಳು ಕಳೆದ ಮೇಲೆ ಹೆಂಡತಿ ಅವನ ಜಾಗದಲ್ಲಿ ಕುಳಿತು ಉಳಿದ ಅರ್ಧವನ್ನು ನೇಯ್ದಳು. ಎಲ್ಲಿ ಕೈ ಬದಲಾಯಿತು ಎಂಬುದನ್ನು ಸೀರೆ ಕೊಂಡವರು ಗುರುತಿಸಲಿಲ್ಲ. ಮುಂದಿನ ಸೀರೆಯನ್ನೂ ಅವಳೇ ನೇಯ್ದಳು. ಮಗ್ಗದ ಸದ್ದು ಕೇಳುತ್ತಿರುವವರೆಗೆ ಮನೆಯಲ್ಲಿ ಅವನು ಇದ್ದಾನೆ ಎಂದೇ ಅವಳಿಗೆ ಅನ್ನಿಸುತ್ತಿತ್ತು.

ಕುಣಿಯ ಆಳ ಗಂಡನ ಕಾಲಿನ ಅಳತೆಯದು. ಕಾಲುಮಣೆ ಮುಟ್ಟಲು ಅವಳು ಅಂಚಿನ ತುದಿಗೆ ಜಾರಬೇಕಿತ್ತು. ಒಂದೊಂದು ತುಳಿತಕ್ಕೂ ಸೊಂಟ ಒಂದು ಪಕ್ಕಕ್ಕೆ ತಿರುಚುತ್ತಿತ್ತು. ಮೊದಲ ತಿಂಗಳು ಸೊಂಟ ನೋಯಿತು. ನಾಲ್ಕನೆಯ ತಿಂಗಳು ನೋವು ತೊಡೆಗೆ ಇಳಿಯಿತು. ವರ್ಷ ತುಂಬುವ ಹೊತ್ತಿಗೆ ಎಡಗಾಲು ಜೋಮು ಹಿಡಿದು, ಕಂಬ ಹಿಡಿಯದೆ ಮಗ್ಗದಿಂದ ಏಳಲು ಆಗುತ್ತಿರಲಿಲ್ಲ.

ಅವಳು ಯಾರಿಗೂ ಹೇಳಲಿಲ್ಲ. ಈ ಮಗ್ಗ ಗಂಡನನ್ನು ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ನೋಯಿಸಿರಲಿಲ್ಲ. ತನ್ನನ್ನು ನೋಯಿಸುತ್ತಿದ್ದರೆ ತಪ್ಪು ತನ್ನ ಮೈಯದು ಎಂದುಕೊಂಡಳು. ವೈದ್ಯರ ಬಳಿ ಹೋದಾಗಲೂ ಕೊಡ ಎತ್ತುವಾಗ ಉಳುಕಿತು ಎಂದಳು, ಮಗ್ಗದ ಮಾತು ತೆಗೆಯಲಿಲ್ಲ. ವೈದ್ಯರು ಉಳುಕಿಗೆ ಎಣ್ಣೆ ಕೊಟ್ಟು ಇಪ್ಪತ್ತು ದಿನ ಭಾರ ಎತ್ತಬೇಡ ಎಂದರು. ಅವಳು ಎತ್ತಲಿಲ್ಲ. ಆದರೆ ದಿನವೂ ನೇಯ್ದಳು. ನೋವು ಹೋಗಲಿಲ್ಲ.

ಮೈದುನ ಎರಡು ಮನೆ ಆಚೆ ಇದ್ದ. ಕೆಟ್ಟವನಲ್ಲ. ಅತ್ತಿಗೆ ಕಂಬ ಹಿಡಿದು ಏಳುವುದನ್ನು ಒಂದು ದಿನ ಕಂಡ. ಮಗ್ಗವನ್ನು ಬಿಚ್ಚಿ ನಮ್ಮ ಮನೆಯಲ್ಲಿ ಹೂಡುತ್ತೇನೆ, ನೀವು ಮೊದಲಿನಂತೆ ಕಂಡಿಕೆ ಸುತ್ತಿಕೊಂಡಿರಿ ಎಂದ. ಮಗ್ಗ ಗಂಡಸಿನ ಸೊಂಟ ಕೇಳುತ್ತದೆ ಎಂದು ಅವನ ಹೆಂಡತಿ ಸೇರಿಸಿದಳು. ಅತ್ತಿಗೆ ಎದುರಾಡಲಿಲ್ಲ. ಮಗ್ಗಕ್ಕೆ ಏರಿಸಿದ ಉದ್ದನೂಲಿನ ಹಾಸು ಮುಗಿಯಲಿ ಎಂದಷ್ಟೇ ಹೇಳಿದಳು. ಹಾಸು ಮುಗಿಯಿತು. ಮರುದಿನ ಮಗ್ಗ ಬಿಚ್ಚುವುದು ಎಂದಾಯಿತು.

ಆ ಓಣಿಯಲ್ಲಿ ಹಾಸು ಕೆಚ್ಚುವ ಮುದುಕಿಯೊಬ್ಬಳಿದ್ದಳು. ಒಂದು ಹಾಸು ಮುಗಿದಾಗ ಹೊಸ ಹಾಸಿನ ಎಳೆಗಳನ್ನು ಹಳೆಯ ಎಳೆಗಳ ತುದಿಗೆ ಒಂದೊಂದಾಗಿ ಹೊಸೆದು ಕೂಡಿಸುವುದು ಅವಳ ಕೆಲಸ. ವಾಡಿಕೆಯಂತೆ ಅವಳು ಬೆಳಿಗ್ಗೆಯೇ ಬಂದಳು. ಇನ್ನು ಕೆಚ್ಚುವುದೇನೂ ಇಲ್ಲ, ನಾಳೆ ಮಗ್ಗ ಹೋಗುತ್ತದೆ ಎಂದು ನೇಕಾರನ ಹೆಂಡತಿ ಬಾಗಿಲಲ್ಲೇ ಹೇಳಿದಳು. ಬಂದದ್ದಾಯಿತು, ಮಜ್ಜಿಗೆಯನ್ನಾದರೂ ಕೊಡು ಎಂದು ಮುದುಕಿ ಒಳಗೆ ಬಂದು ಮಗ್ಗದ ಅಂಚಿನಲ್ಲಿ ಕುಳಿತಳು. ಕಾಲುಗಳನ್ನು ಕುಣಿಗೆ ಇಳಿಬಿಟ್ಟಳು. ಅವಳೂ ಗಿಡ್ಡ. ಅವಳ ಕಾಲುಗಳು ಗಾಳಿಯಲ್ಲಿ ತೂಗಿದವು.

ಮುದುಕಿ ಮಜ್ಜಿಗೆಯ ಲೋಟ ಕೆಳಗಿಟ್ಟು ಬಗ್ಗಿ ನೋಡಿದಳು. ಕಾಲುಮಣೆಗಳ ತುದಿ ಬೆರಳು ತಾಗಿ ತಾಗಿ ಮಿರುಗುತ್ತಿತ್ತು. ಹಿಮ್ಮಡಿ ಊರುವ ಜಾಗದಲ್ಲಿ ಒಂದು ವರ್ಷದ ಧೂಳು ಕೂತಿತ್ತು.

"ಸತ್ತ ಗಂಡನ ಅಂಗಿ ತೊಟ್ಟುಕೊಂಡು ಸಂತೆಗೆ ಹೋಗ್ತಿಯೇನವ್ವಾ ನೀನು?" ಎಂದಳು.

"ಇಲ್ಲ."

"ಮತ್ತೆ ಅವನ ಕುಣಿ ಯಾಕ ತೊಟ್ಟುಕೊಂಡು ಕೂತಿದ್ದೀ?"

ಅವಳಿಗೆ ಮಾತು ತಿಳಿಯಿತು. ತಿಳಿದರೂ ಆಗದು ಎಂದು ತಲೆಯಾಡಿಸಿದಳು. ಆ ಊರಿನ ನೇಕಾರರಲ್ಲಿ ಒಂದು ಕಟ್ಟಳೆ ಇತ್ತು. ಮಗ್ಗದ ಕುಣಿಯನ್ನು ಎಷ್ಟು ಬೇಕಾದರೂ ಅಗೆಯಬಹುದು, ಅದಕ್ಕೆ ಮಣ್ಣು ಹಾಕುವಂತಿಲ್ಲ. ನೇಯುವವರು ಯಾರೂ ಉಳಿಯದ ಮನೆಯಲ್ಲಿ ಮಾತ್ರ ಕುಣಿಗೆ ಮಣ್ಣು ಹಾಕುತ್ತಿದ್ದರು. ಅದು ಆ ಮನೆಯ ಮಗ್ಗದ ಸಾವು. ಅವರ ಕುಣಿಗೆ ನನ್ನ ಕೈಯಿಂದ ಮಣ್ಣು ಹಾಕಲಾರೆ ಎಂದು ಅವಳು ಹೇಳಿದಳು. ಬೇಕಾದರೆ ಈ ಸೊಂಟ ಹೋಗಲಿ ಎಂದಳು.

ಮುದುಕಿ ನಲವತ್ತು ವರ್ಷದಿಂದ ಆ ಮನೆಗೆ ಕೆಚ್ಚಲು ಬರುತ್ತಿದ್ದವಳು. ಈ ಕುಣಿ ಮೊದಲು ಇಷ್ಟು ಆಳ ಇರಲಿಲ್ಲ ಎಂದಳು. ನಿನ್ನ ಮಾವ ಕುಳ್ಳ, ಅವನ ಕುಣಿಯಲ್ಲಿ ಕುಳಿತರೆ ನಿನ್ನ ಗಂಡನ ಮೊಣಕಾಲು ಎದೆಗೆ ಬರುತ್ತಿತ್ತು. ಮೂರು ದಿನ ಕೂತು ನೋಡಿದ, ನಾಲ್ಕನೆಯ ದಿನ ಗುದ್ದಲಿ ತಂದು ಅಗೆದ. ಅಪ್ಪನ ಕುಣಿ ಕೆಡಿಸಿದ ಎಂದು ನಿನ್ನ ಅತ್ತೆ ಎರಡು ಹೊತ್ತು ಉಣ್ಣಲಿಲ್ಲ, ಮೂರನೆಯ ಹೊತ್ತಿಗೆ ಹಸಿವಾಯಿತು, ಉಂಡಳು ಎಂದಳು.

ನೇಕಾರನ ಹೆಂಡತಿಗೆ ನಗು ಬಂತು. ಆದರೂ ಅಗೆಯುವುದು ಬೇರೆ, ತುಂಬುವುದು ಬೇರೆ ಎಂದಳು.

"ನಾಳೆ ಮಗ್ಗ ಕಿತ್ತ ಮೇಲೆ ಇದಕ್ಕೆ ಹೇಗೂ ಮಣ್ಣು ಬೀಳ್ತದ, ತಂಗಿ," ಎಂದಳು ಮುದುಕಿ. "ಇವತ್ತು ಒಂದು ಗೇಣು ಬೀಳಬೇಕೋ, ನಾಳೆ ಪೂರ್ತಿ ಬೀಳಬೇಕೋ, ನೀನೇ ಹೇಳು."

ಅವಳು ಬಹಳ ಹೊತ್ತು ಕುಣಿಯನ್ನೇ ನೋಡುತ್ತಿದ್ದಳು. ಆಮೇಲೆ ಹಿತ್ತಲಿಗೆ ಹೋಗಿ ಬುಟ್ಟಿಯಲ್ಲಿ ಮಣ್ಣು ತಂದಳು. ಮೊದಲ ಮೂರು ಹಿಡಿ ಕೈಯಿಂದ ಹಾಕಿದಳು. ಗಂಡನನ್ನು ಮಣ್ಣು ಮಾಡಿದ ದಿನವೂ ಮೂರು ಹಿಡಿ ಹಾಕಿದ್ದಳು. ಆ ದಿನ ಅಳಲಿಲ್ಲ. ಈಗ ಅತ್ತಳು. ಮುದುಕಿ ಇನ್ನೊಂದು ಬುಟ್ಟಿ ತುಂಬಿಕೊಂಡು ಬಂದಳು.

ಇಬ್ಬರೂ ಸೇರಿ ಕಾಲುಮಣೆಗಳನ್ನು ಬಿಚ್ಚಿ ಮೇಲಿಟ್ಟು, ಒಂದು ಗೇಣು ಮಣ್ಣು ತುಂಬಿ, ನೀರು ಚಿಮುಕಿಸಿ ಗಟ್ಟಿಯಾಗಿ ಬಡಿದರು. ಮರುದಿನ ಮಗ್ಗ ಬಿಚ್ಚಲು ಬಂದ ಮೈದುನ ಕುಣಿಯನ್ನು ನೋಡಿದ, ಅತ್ತಿಗೆಯನ್ನು ನೋಡಿದ. ಒಳಗಿಳಿದು ಕಾಲುಮಣೆಗಳನ್ನು ಹೊಸ ತಳದ ಮೇಲೆ ಹೂಡಿ, ಹಗ್ಗಗಳನ್ನು ಗಿಡ್ಡ ಮಾಡಿ ಕಟ್ಟಿ ಮನೆಗೆ ಹೋದ. ಅವಳು ಅಂಚಿನಲ್ಲಿ ಹಿಂದಕ್ಕೆ ಸರಿದು ಕುಳಿತಳು. ಎರಡೂ ಹಿಮ್ಮಡಿ ಊರಿದವು. ಮುದುಕಿ ಎದುರು ಕೂತು ಹೊಸ ಹಾಸು ಕೆಚ್ಚಿದಳು. ನೂರು ಎಳೆಗೊಮ್ಮೆ ಎದ್ದು ಅಂಗಳಕ್ಕೆ ಹೋಗಿ ಬರುತ್ತಿದ್ದಳು. ನೀನೂ ಗೇಣು ನೇಯ್ದಾಗಲೊಮ್ಮೆ ಎದ್ದು ಬಾ, ಸೀರೆ ಓಡಿಹೋಗುವುದಿಲ್ಲ ಎಂದಳು.

ಎರಡು ತಿಂಗಳಲ್ಲಿ ಕಾಲಿನ ಜೋಮು ಬಿಟ್ಟಿತು. ಸೊಂಟದ ನೋವು ಇಳಿಯಿತು, ಪೂರ್ತಿ ಹೋಗಲಿಲ್ಲ. ಚಳಿಗಾಲದಲ್ಲಿ ಮರಳಿ ಬರುತ್ತಿತ್ತು. ಒಂದು ವರ್ಷ ತಿರುಚಿದ ಮೈ ಅಷ್ಟನ್ನು ಇಟ್ಟುಕೊಂಡಿತು. ಆದರೂ ಆ ಮಗ್ಗದಲ್ಲಿ ಅವಳು ಇನ್ನೂ ಹತ್ತೊಂಬತ್ತು ವರ್ಷ ನೇಯ್ದಳು. ಆ ಓಣಿಯಲ್ಲಿ ಹೊಸದಾಗಿ ಯಾರು ಮಗ್ಗಕ್ಕೆ ಕುಳಿತರೂ ಮೊದಲು ಕಾಲು ಇಳಿಬಿಡಿಸಿ, ಹಿಮ್ಮಡಿ ಊರುತ್ತದೆಯೇ ಎಂದು ನೋಡುವುದು ರೂಢಿಯಾಯಿತು. ಊರದಿದ್ದರೆ ಮಣ್ಣು ಹಾಕುತ್ತಿದ್ದರು. ಯಾರ ಮಗ್ಗವೂ ಸಾಯಲಿಲ್ಲ.

ಗುರುಗಳು ಕತೆ ಮುಗಿಸಿದರು. 

"ಆಕೆ ಮೊದಲ ತಿಂಗಳೇ ಯಾರಿಗಾದರೂ ಹೇಳಬೇಕಿತ್ತು, ಅಪ್ಪಾವರೇ," ಎಂದ ಶಿಷ್ಯ.

ಗುರುಗಳು ಅವನ ಮುಖ ನೋಡಿ ಕೇಳಿದರು: "ನಿನ್ನ ಬಲಭುಜ ಎಷ್ಟು ತಿಂಗಳಿಂದ ನೋಯುತ್ತಿದೆ, ಮಗು?"

ಶಿಷ್ಯನ ಎಡಗೈ ಬಲಭುಜದ ಮೇಲೆ ಹೋಯಿತು.