ಬಾಗಿಲು ಹಾಕಿಕೊಂಡ ಕಪ್ಪೆಚಿಪ್ಪು

ಏಡಿ ಬಂದರೂ ನಕ್ಷತ್ರಮೀನು ಬಂದರೂ ಬಾಗಿಲು ಹಾಕಿಕೊಂಡೇ ಬದುಕಿ ಉಳಿದ ಕಪ್ಪೆಚಿಪ್ಪೊಂದು ಕಡಲ ತಳದಲ್ಲಿತ್ತು. ಒಂದು ದಿನ ಅದು ತಾನು ಹೂತು ಕೂತಿದ್ದ ಕೆಸರನ್ನು ಕೇಳಿತು: "ಕೆಸರಜ್ಜಿ, ನನ್ನ ಚಿಪ್ಪನ್ನು ಯಾರೋ ಸವೆಸುತ್ತಿದ್ದಾರೆ. ಯಾರದು?"

"ನೀರು, ಮಗಾ. ಮೇಲೆ ಮನುಷ್ಯರು ಬಿಟ್ಟ ಹೊಗೆ ಕುಡಿದು ಕುಡಿದು ಹುಳಿಯಾಗಿದೆ. ಇಷ್ಟು ದಿನ ನನ್ನ ಹೊಟ್ಟೆಯಲ್ಲಿದ್ದ ನಿನ್ನ ಹಿರಿಯರ ಚಿಪ್ಪುಗಳು ತಾವೇ ಕರಗಿ ಆ ಹುಳಿಯನ್ನು ತಡೆದವು."

"ಈಗಲೂ ತಡೆಯಲಿ!"

"ಎಲ್ಲಿವೆ? ಎಲ್ಲವೂ ಕರಗಿಹೋದವು. ಇನ್ನು ಬದುಕಿರುವವರ ಸರದಿ."

"ಬಾಗಿಲು ಹಾಕಿಕೊಂಡರೆ ಅದು ಹೇಗೆ ಬರುತ್ತದೋ ನೋಡುತ್ತೇನೆ!" ಎಂದು ಕಪ್ಪೆಚಿಪ್ಪು ಎಂದಿಗಿಂತ ಬಿಗಿಯಾಗಿ ಮುಚ್ಚಿಕೊಂಡಿತು.

ಅದರ ಜೊತೆ ಒಳಗೇ ಉಳಿದಿದ್ದ ಒಂದು ಗುಟುಕು ನೀರು, ಆ ಕತ್ತಲಲ್ಲಿ, ಸದ್ದಿಲ್ಲದೆ ಕೆಲಸ ಶುರುಮಾಡಿತು.