ಚಪ್ಪರ ಸೇರಿದ ಕಾಡಿನ ಬಾಗಿಲು

ಒಂದಾನೊಂದು ಊರು, ಊರಿಗೆ ಅಂಟಿಕೊಂಡೇ ಒಂದು ಕಾಡು. ಸೌದೆ ಬೇಕೆಂದರೆ ಕಾಡು, ಊಟಕ್ಕೆ ಮುತ್ತುಗದೆಲೆ ಬೇಕೆಂದರೆ ಕಾಡು, ಗಂಡನ ಮೇಲೆ ಮುನಿಸು ಬಂದರೆ ಹೋಗಿ ಕೂರುವುದಕ್ಕೂ ಅದೇ ಕಾಡು. ಯಾರೂ ಯಾರ ಅಪ್ಪಣೆಯನ್ನೂ ಕೇಳುತ್ತಿರಲಿಲ್ಲವಂತೆ.

ಆ ಸೀಮೆಗೊಬ್ಬ ರಾಜ. ಕಾಡಿನ ನೆರಳಲ್ಲಿ ಜನ ಕಾಲು ಚಾಚಿ ಮಲಗಿದ್ದನ್ನು ಒಮ್ಮೆ ಕುದುರೆಯ ಮೇಲಿಂದ ನೋಡಿದ. ಅವನ ಹೊಟ್ಟೆ ಉರಿಯಿತು. "ನೆರಳು ನಂದು, ಗಾಳಿ ನಂದು. ಇವರು ನೋಡಿದರೆ ಪುಕ್ಕಟೆ ಗೊರಕೆ ಹೊಡೀತಾರೆ" ಅಂದನಂತೆ.

ಅಂದದ್ದೇ ತಡ, ಕಾಡಿನ ಸುತ್ತ ಮುಳ್ಳುಬೇಲಿ ಬಂತು, ದಾರಿಗೆ ಅಡ್ಡವಾಗಿ ಬಾಗಿಲು ಬಂತು. ಒಳಗೆ ಕಾಲಿಟ್ಟವರು ಕಾಸು ಕೊಡಬೇಕು. ನೆರಳಲ್ಲಿ ಕೂತರೆ ಬೇರೆ, ಕೊಂಬೆ ಮುರಿದರೆ ಬೇರೆ. ಬಾಗಿಲು ಕಾಯುವ ಬೋರಣ್ಣ ಹೊರಗೆ ಬಂದವರನ್ನು ತಡೆದು "ಕೋಗಿಲೆ ಕೂಗಿದ್ದು ಕೇಳಿಸ್ತಾ?" ಎಂದೂ ವಿಚಾರಿಸುತ್ತಿದ್ದನಂತೆ. ಹೂಂ ಅಂದವರು ಕೆಟ್ಟರು.

ರಾಜನ ಆಳುಗಳು ಸೋಮಾರಿಗಳು. ಬಾಗಿಲಿಗೆ ಒಣಮರದ ಕಂಬ ಹುಡುಕುವುದಕ್ಕೆ ಬೇಜಾರಾಗಿ, ಕಾಡೊಳಗೆ ದಾರಿ ಪಕ್ಕದ ಅತ್ತಿಮರದ ಹಸಿ ಕೊಂಬೆ ಎರಡನ್ನು ಕಡಿದು, ಬೇಲಿಯ ಈಚೆಗೇ ನೆಟ್ಟು ಮನೆಗೆ ಹೋಗಿದ್ದರು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಆ ಊರಲ್ಲಿ ಕೆಂಪಾಜಮ್ಮ ಅಂತ ಒಬ್ಬಳು. ಗಂಡನಿಲ್ಲ, ಇದ್ದೊಬ್ಬ ಮಗಳು ಸಾಕವ್ವ. ಆ ಸಾಕವ್ವನಿಗೆ ಮದುವೆ ಗೊತ್ತಾಯಿತು. ಆ ಕಡೆ ಮದುವೆಯೆಂದರೆ ಚಪ್ಪರಕ್ಕೆ ಮೊದಲು ಹಾಲುಗಂಬ ನೆಡಬೇಕು. ಕಡಿದರೆ ಹಾಲು ಒಸರುವ ಮರದ ಹಸಿ ಕೊಂಬೆಯೇ ಆಗಬೇಕು, ಹುಡುಗಿಯ ಸೋದರಮಾವನೇ ಪೂಜೆ ಮಾಡಿ ಕಡಿದು ತರಬೇಕು. ಕಾಸು ಕೊಟ್ಟು ಮಾತ್ರ ತರುವಂತಿಲ್ಲ, ಕೊಂಡು ತಂದ ಕಂಬದ ಕೆಳಗೆ ಧಾರೆ ಎರೆದರೆ ಮಗಳನ್ನು ಮಾರಿದ ಹಾಗೆ. ಊರೊಳಗೆ ಇದ್ದದ್ದು ಬೇವು, ಹುಣಸೆ, ಜಾಲಿ. ಹಾಲಿನ ಮರವೆಲ್ಲ ಬೇಲಿಯ ಆಚೆ.

ಕೆಂಪಾಜಮ್ಮನ ತಮ್ಮ ಜವರ ಕೊಡಲಿ ಹಿಡಿದು ಹೋದವನು ಬರಿಗೈಲಿ ಬಂದ.

"ಬೋರಣ್ಣ ಬಿಡ್ನಿಲ್ಲ ಅಕ್ಕಾ. ಕಾಸು ಮಡಗಿ ಒಳಕ್ಕೋಗು ಅಂತಾನೆ. ಸಾಕವ್ವನ್ನ ಮಾರಕ್ಕೆ ನನ್ ಕೈಲಾಯ್ತದಾ?"

ಗಂಡಿನ ಕಡೆಯವರು ಆಗಲೇ ಬಂದು ಇಳಿದಿದ್ದರು. ಬೀಗರದು ಮೂಗಿನ ತುದಿಯಲ್ಲೇ ಕೋಪ. ಹೊತ್ತು ಮುಳುಗುವುದರೊಳಗೆ ಕಂಬ ನೆಡದಿದ್ದರೆ ಗಾಡಿ ಕಟ್ಟುತ್ತೇವೆ ಅಂದುಬಿಟ್ಟರು. ಅರಿಶಿನ ಹಚ್ಚಿಕೊಂಡಿದ್ದ ಸಾಕವ್ವ ಮೂಲೆಯಲ್ಲಿ ಕೂತು ಅಳುತ್ತಿದ್ದಳು. ಅದನ್ನು ನೋಡಿ ಕೆಂಪಾಜಮ್ಮ, ಬೋರಣ್ಣನಿಗೆ ನಾಲ್ಕು ಅಂದಾದರೂ ಬರೋಣವೆಂದು ಸೆರಗು ಸಿಕ್ಕಿಸಿಕೊಂಡು ನಡೆದಳು.

ಹೋಗಿ ನೋಡುತ್ತಾಳೆ, ಈಚೆಗೆ ಬಿದ್ದ ಮಳೆಗೆ ಬಾಗಿಲ ಕಂಬಗಳೆರಡೂ ಚಿಗುರಿಕೊಂಡು ನಿಂತಿವೆ. ಉಗುರಲ್ಲಿ ಒಂದರ ತೊಗಟೆ ಕೆರೆದಳು. ಬಿಳೀ ಹಾಲು ಒಸರಿತು. ಬೈಯಲು ಬಂದವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳಂತೆ.

"ಬೋರಣ್ಣಾ, ದೊರೆ ಅಪ್ಪಣೆ ಏನಪ್ಪಾ?"

"ಬೇಲಿ ಒಳಕ್ಕೆ ಕಾಲಿಟ್ಟೋರು ಕಾಸು ಕೊಡಬೇಕು ಕಣಮ್ಮಾ."

"ಕಾಲಿಡದೆ ಇದ್ದೋರು?"

"ಅವರ ಉಸಾಬರಿ ನಂಗ್ಯಾಕೆ?"

ಸರಿ, ಹೆಂಗಸರೆಲ್ಲ ಸೋಬಾನೆ ಹೇಳಿಕೊಂಡು ಬಂದರು. ಜವರ ಬಾಗಿಲ ಕಂಬವೊಂದಕ್ಕೆ ನೀರೆರೆದ, ಅರಿಶಿನ ಕುಂಕುಮ ಹಚ್ಚಿದ, ಕಾಯಿ ಒಡೆದ. ಬೋರಣ್ಣನ ಬಾಯಿಗೆ ಕೊಬ್ಬರಿ ಬೆಲ್ಲ ಬಿತ್ತು, ಅವನ ಕಣ್ಣು ಮಾತ್ರ ಜನರ ಕಾಲುಗಳ ಮೇಲೆಯೇ. ಒಬ್ಬರದೂ ಹೆಬ್ಬೆರಳು ಕೂಡ ಒಳಗೆ ದಾಟಲಿಲ್ಲ. ಕೊಡಲಿ ಬಿತ್ತು, ಕಂಬ ಹೊರಟಿತು, ಬಾಗಿಲು ವಾಲಿತು. ಬೋರಣ್ಣ ಕೊಬ್ಬರಿ ಅಗಿಯುತ್ತಲೇ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

ಕೆಂಪಾಜಮ್ಮನ ಅಂಗಳದಲ್ಲಿ ಹಾಲುಗಂಬ ನೆಟ್ಟು ಹಾಲೆರೆಯುವ ಹೊತ್ತಿಗೆ ಸುದ್ದಿ ಅರಮನೆ ಮುಟ್ಟಿತು. ರಾಜ ಬೋರಣ್ಣನನ್ನೂ ಎಳೆದುಕೊಂಡು ಕೆಂಡವಾಗಿ ಬಂದ, ಹಿಂದೆಯೇ ರಾಣಿಯೂ ಬಂದಳು.

"ಯಾರ ಅಪ್ಪಣೆ ಮೇಲೆ ನನ್ನ ಕಂಬ ಕಡಿದೆ?"

"ನಿಮ್ಮದೇ ಅಪ್ಪಣೆ ಬುದ್ಧಿ," ಅಂದಳು ಕೆಂಪಾಜಮ್ಮ. " ಒಳಕ್ಕೆ ಕಾಲಿಟ್ಟೋರಿಗೆ ತಾನೇ ಕಾಸು? ನಾವು ಕಾಲಿಟ್ಟಿಲ್ಲ. ಬೋರಣ್ಣನ್ನ ಕೇಳಿ."

"ಇಟ್ಟಿಲ್ಲ ದೊರೆ," ಅಂದ ಬೋರಣ್ಣ. "ಕಣ್ಣು ಮಿಟುಕಿಸದೆ ನೋಡ್ತಿದ್ದೆ."

"ಕೀಳ್ರೋ ಅದನ್ನ," ಅಂತ ರಾಜ ಅರಚಿದ. ಆಳುಗಳು ಹಿಂದೆ ಸರಿದರು. ಹಾಲೆರೆದ ಕಂಬಕ್ಕೆ ಕೈ ಹಾಕಿ ಒಂದು ಮನೆಯ ಮದುವೆ ಮುರಿಯುವವರು ಯಾರು?

ಆಗ ಕೆಂಪಾಜಮ್ಮ ರಾಣಿಯ ಕಡೆ ತಿರುಗಿದಳು. "ಅವ್ವಾ, ಅರಮನೇಲೂ ಈ ತಿಂಗಳು ಮದುವೆಯಂತೆ. ಕಾಡಿನ ಮರಕ್ಕೆಲ್ಲ ದೊರೆಗಳು ಬೆಲೆ ಕಟ್ಟವ್ರೆ. ಬೆಲೆ ಕಟ್ಟದೆ ಉಳಿದಿರೋದು ಬಾಗಿಲ ಇನ್ನೊಂದು ಕಂಬ ಒಂದೇ. ನಿಮ್ಮ ಮಗಳಿಗಿರಲಿ ಅಂತ ಮುಟ್ಟದೆ ಬಿಟ್ಟಿದ್ದೀನಿ."

ರಾಣಿ ಗಂಡನ ಮುಖ ನೋಡಿದಳು. ರಾಜ ನೆಲ ನೋಡಿದ.

ಮರುವಾರವೇ ರಾಣಿಯ ತಮ್ಮ ವಾದ್ಯ ಊದಿಸಿಕೊಂಡು ಬಂದು ಆ ಕಂಬವನ್ನೂ ಕಡಿದು ಒಯ್ದನಂತೆ. ರಾಜ ಹೊಸ ಕಂಬದ ಮಾತೆತ್ತಿದರೆ ರಾಣಿ, "ಮಗಳ ಹಾಲುಗಂಬ ಎದ್ದ ಜಾಗದಲ್ಲಿ ಸುಂಕದ ಕಂಬ ನೆಡ್ತೀರಾ? ನೆಡಿ, ನಾನು ತವರಿಗೆ ಹೋಗ್ತೀನಿ" ಅಂದಳಂತೆ. ಅಲ್ಲಿಗೆ ಸುಂಕ ಮುಗಿಯಿತು, ಬೇಲಿಯ ಮುಳ್ಳು ಊರವರ ಒಲೆ ಸೇರಿತು.

ಉಳಿದದ್ದು ಬಾಗಿಲ ಹಲಗೆ. ಅದನ್ನು ಬೋರಣ್ಣ ಕಾಡೊಳಗೆ ಎಳೆದುಕೊಂಡು ಹೋಗಿ, ನೆರಳಲ್ಲಿ ಹಾಸಿಕೊಂಡು, ಪುಕ್ಕಟೆ ಗೊರಕೆ ಹೊಡೆದನಂತೆ. ಅವರು ಅಲ್ಲಿ ಚಪ್ಪರದ ಕೆಳಗೆ ಹೋಳಿಗೆ ತಿಂದರು, ನಾವು ಇಲ್ಲಿ ಬಾಯಿ ಚಪ್ಪರಿಸಿಕೊಂಡು ಕತೆ ಕೇಳಿದೆವು.